ಇಪ್ಪತ್ತೊಂದು ವ್ಯಾಟಿನ ಬಲ್ಬು

ಕಂತು ೭

"ಒತ್ತ್ರಿ," ಎಂದರು ಸಬ್ ಇನ್ಸ್‌ಪೆಕ್ಟರ್ ಅಮರಪ್ಪ.

ಶೇಖರಮ್ಮ ಗುಂಡಿ ಒತ್ತಿದಳು. ಏನೂ ಆಗಲಿಲ್ಲ.

"ಈಗ ಕೀಲಿ ಹಾಕಿ ಒತ್ತ್ರಿ."

ಮೇಜಿನ ಮೇಲಿದ್ದ ತಗಡಿನ ಡಬ್ಬಿಗೆ ಪುಟ್ಟ ಹಿತ್ತಾಳೆ ಕೀಲಿ ಸಿಕ್ಕಿಸಿ, ತಿರುವಿ, ಮತ್ತೊಮ್ಮೆ ಒತ್ತಿದಳು. ಡಬ್ಬಿಯಿಂದ ಹೊರಟ ಉದ್ದನೆಯ ವಾಯರು ಠಾಣೆಯ ಮೂಲೆಯವರೆಗೆ ಹರಿದು ಒಂದು ಕಬ್ಬಿಣದ ಮುಕ್ಕಾಲಿ ಸ್ಟ್ಯಾಂಡನ್ನು ಸೇರಿತ್ತು. ಆ ಸ್ಟ್ಯಾಂಡಿನ ಹೊಟ್ಟೆಯಲ್ಲಿ ಎಲ್ಲೋ 'ಟಕ್' ಎಂದಿತು.

"ಅಂದ್ರ ಕೀಲಿ ಇಲ್ದ ಇದು ಹೊತ್ತೂದಿಲ್ಲ. ಅವತ್ತು ಕೀಲಿ ಎಲ್ಲಿತ್ತು?"

"ನನ್ನ ಕೈಯಾಗಿತ್ತ್ರಿ."

"ಡಬ್ಬಿಯೊಳಗೋ, ಕೈಯಾಗೋ?"

"ಕೈಯಾಗ. ಮುಠ್ಠಿಯೊಳಗ."

ಇದೇ ಪ್ರಶ್ನೆ ಇದು ನಾಲ್ಕನೇ ಸಲ. ನಾಲ್ಕು ಸಲವೂ ಅವಳು ಹಾಜರಿ ಹೇಳಿದ ಹಾಗೆ ಒಂದೇ ದನಿಯಲ್ಲಿ ಉತ್ತರ ಕೊಟ್ಟಿದ್ದಳು.

ಒಂಬತ್ತು ದಿನಗಳ ಹಿಂದೆ, ಕುಷ್ಟಗಿಯ ನೀಲಕಂಠ ಪ್ರೌಢಶಾಲೆಯ ಬಯಲಿನಲ್ಲಿ ತಾಲೂಕು ವಿಜ್ಞಾನ ಪ್ರದರ್ಶನ ನಡೆದಾಗ, ಇದೇ ಸ್ಟ್ಯಾಂಡಿನ ಮೇಲಿದ್ದ ಮೂರಡಿಯ ಮಾದರಿ ರಾಕೆಟ್ಟು ಹೊತ್ತಿಗೆ ಮುಂಚೆ ಹಾರಿ, ಅದರ ಮೇಲೆ ಬಗ್ಗಿದ್ದ ಭೌತಶಾಸ್ತ್ರದ ಮಾಸ್ತರ ಉಮಾಪತಿಯವರ ಎಡಗಣ್ಣಿಗೆ ಹೊಡೆದಿತ್ತು. ಕೊಪ್ಪಳ ಮುಟ್ಟುವ ಮೊದಲೇ ಅವರು ತೀರಿಕೊಂಡರು. ಆಗ ಮೂವತ್ತು ಅಡಿ ದೂರದಲ್ಲಿ ಡಬ್ಬಿ ಹಿಡಿದು ನಿಂತವಳು ಜೀವಶಾಸ್ತ್ರದ ಟೀಚರ್ ಶೇಖರಮ್ಮ.

ಅಲ್ಲಿಂದೀಚೆಗೆ ಅವಳಿಗೆ ಅಳು ಬಂದಿರಲಿಲ್ಲ. ಹೆದರಿಕೆಯೂ ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದಾಗ ತುಟಿ ಇದ್ದೂ ಇಲ್ಲದಂತಾಗುತ್ತದಲ್ಲ, ಅದು ಮೈತುಂಬ ಹಬ್ಬಿದಂತಿತ್ತು. ಶಾಲೆಯ ಆಡಳಿತ ಮಂಡಳಿ ಅವಳನ್ನು ಕೆಲಸದಿಂದ ದೂರವಿಟ್ಟ ಕಾಗದ ಬಂದಾಗ ಅದನ್ನು ಓದಿ, ಮಡಚಿ, ಅಕ್ಕಿ ಡಬ್ಬಿಯ ಕೆಳಗಿಟ್ಟು, ಒಲೆಯ ಮೇಲಿದ್ದ ರೊಟ್ಟಿ ತಿರುವಿ ಹಾಕಿದ್ದಳು.

ಅಮರಪ್ಪ ಕುರ್ಚಿಯ ಬೆನ್ನಿಗೆ ಒರಗಿದರು. ನಲವತ್ತೈದರ ಆಸುಪಾಸಿನ, ಮೆಲ್ಲನೆ ಮಾತಾಡುವ ಮನುಷ್ಯ.

"ಟೀಚರ್, ಕರೆಂಟಿನ ಬಗ್ಗೆ ನನಗ ಗೊತ್ತಿರೂದು ಇಷ್ಟ. ಹಸಿ ಕೈಲೆ ಮುಟ್ಟಬಾರದು. ಆದ್ರ ಮನಷ್ಯಾರ ಬಗ್ಗೆ ಒಂದೀಟು ಗೊತ್ತೈತಿ. ಬೆಂಗಳೂರಿನ ತರಬೇತಿಗೆ ತಾಲೂಕಿಗೆ ಒಬ್ಬರು ಅಂತ ಇತ್ತು. ನೀವೂ ಕೇಳಿದ್ರಿ, ಉಮಾಪತಿ ಮಾಸ್ತರರೂ ಕೇಳಿದ್ರು. ಅವರಿಗೆ ಸಿಕ್ತು."

"ಹೌದ್ರಿ."

"ಬ್ಯಾಸರ ಆಗಿತ್ತು?"

"ಆಗಿತ್ತ್ರಿ."

ಇಷ್ಟು ಸಲೀಸಾಗಿ ಒಪ್ಪಿಕೊಂಡಿದ್ದು ಅಮರಪ್ಪನವರಿಗೆ ಹಿಡಿಸಲಿಲ್ಲ. ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟರು. ಪ್ರದರ್ಶನದ ಹಿಂದಿನ ದಿನ ಉಮಾಪತಿ ತಾವೇ ಬರೆದು ಸೂಚನಾ ಫಲಕಕ್ಕೆ ಅಂಟಿಸಿದ್ದ ಹಾಳೆ. 'ರಾಕೆಟ್ ಉಡಾವಣೆ, ಬೆಳಗ್ಗೆ ಹನ್ನೊಂದು. ಕ್ಲಿಪ್ ಜೋಡಣೆ: ಶೇಖರಮ್ಮ. ಗುಂಡಿ ಒತ್ತುವುದು: ಉಮಾಪತಿ.'

"ಕ್ಲಿಪ್ ಹಾಕೂದು ನಿಮ್ಮ ಕೆಲಸ. ಅದಲು ಬದಲು ಮಾಡಿದವರು ಯಾರು?"

"ಅವರ ಮಾಡಿದ್ರು. ಗಾಳಿ ಇತ್ತ್ರಿ. ನನ್ನ ಸೆರಗು ಹಾರಿ ಹಾರಿ ಕಂಬಿಗೆ ಸುತ್ತಿಕೊಳ್ಳಾಕತ್ತಿತ್ತು. 'ಗಾಳಿ ಭಾಳ ಐತಿ, ನೀವು ಡಬ್ಬಿ ಹಿಡೀರಿ, ನಾ ಕ್ಲಿಪ್ ಹಾಕ್ತೀನಿ' ಅಂದ್ರು."

"ಇದನ್ನ ಕೇಳಿದವರು ಯಾರರ ಅದಾರೇನು?"

"ಅವರೊಬ್ರ, ನಾನೊಬ್ಬಾಕಿ."

ಇದೇ ಮಾತನ್ನು ಅವಳು ಇನ್ನೊಬ್ಬರಿಗೂ ಹೇಳಿದ್ದಳು. ಮೂರನೇ ದಿನ ಉಮಾಪತಿಯವರ ಹೆಂಡತಿ ವಿರೂಪಾಕ್ಷಮ್ಮ ಅವಳ ಮನೆಗೆ ಬಂದು, ಪಡಸಾಲೆಯ ಕಂಬಕ್ಕೆ ಆನಿಕೊಂಡು ಬಹಳ ಹೊತ್ತು ಕೂತು, ಕೊನೆಗೆ ಒಂದೇ ಪ್ರಶ್ನೆ ಕೇಳಿದ್ದರು. "ಕಡೀಕೆ ಏನಂದ್ರು ಅವರು?" ಗಾಳಿ ಭಾಳ ಐತಿ ಅಂದರು ಎಂದು ಶೇಖರಮ್ಮ ಹೇಳಿದಳು. ವಿರೂಪಾಕ್ಷಮ್ಮ ಅದನ್ನು ಬಾಯಲ್ಲೇ ಒಮ್ಮೆ ಹೇಳಿಕೊಂಡು ಎದ್ದು ಹೋದರು.

"ಸ್ಟ್ಯಾಂಡ್ ಹತ್ರ ಹೋಗಿ ನೋಡ್ರಿ," ಎಂದರು ಅಮರಪ್ಪ. "ಅವತ್ತು ಹೆಂಗಿತ್ತೋ ಹಂಗ ಐತಿ. ನಾವು ಯಾರೂ ಬಿಚ್ಚಿಲ್ಲ. ಪಂಚರ ಸಮಕ್ಷಮ ಗೋಣಿಚೀಲದಾಗ ಕಟ್ಟಿ ಸೀಲ್ ಹಾಕಿ ತಂದದ್ದು, ಇವತ್ತ ಬಿಚ್ಚಿದ್ದು."

ಬಾಗಿಲ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ವೆಂಕೋಬ ಒಂದು ಹೆಜ್ಜೆ ಮುಂದೆ ಬಂದ. ಶಾಲೆಯ ಪ್ರಯೋಗಶಾಲೆಯ ಜವಾನ. ಇಪ್ಪತ್ತೆರಡು ವರ್ಷದ ನೌಕರಿ. ಸ್ಟ್ಯಾಂಡನ್ನು ಗುರುತಿಸಲೆಂದು ಅವನನ್ನೂ ಕರೆಸಿದ್ದರು.

ಶೇಖರಮ್ಮ ಮೊಣಕಾಲೂರಿ ಕೂತಳು. ಮೂರು ಕಾಲು, ನಡುವೆ ನಿಂತ ನಾಲ್ಕಡಿಯ ಉಕ್ಕಿನ ಕಂಬಿ, ಕೆಳಗೆ ಬೆಂಕಿಗೆ ಕಪ್ಪಾದ ತಗಡು. ಕಂಬಿಯ ಬುಡದಿಂದ ಎರಡು ದಪ್ಪ ವಾಯರು, ಅವುಗಳ ತುದಿಗೆ ಮೊಸಳೆ ಬಾಯಿಯ ಎರಡು ಕ್ಲಿಪ್ಪು. ಪಕ್ಕದಲ್ಲಿ ಲಾರಿಯ ಬ್ಯಾಟರಿ. ಕಾಲಿಗೆ ಬಿಗಿದ ಚಿಕ್ಕ ಹಲಗೆಯ ಮೇಲೆ ಒಂದು ಬಲ್ಬು.

ಅವಳು ಆ ಬಲ್ಬನ್ನೇ ನೋಡುತ್ತ ಉಳಿದಳು.

"ಏನಾತ್ರಿ?"

"ಬಲ್ಬ್ ಬ್ಯಾರೆ ಐತ್ರಿ."

"ಬ್ಯಾರೆ ಅಂದ್ರ?"

"ಇದು ದೊಡ್ಡದೈತಿ. ಮೊದಲಿದ್ದದ್ದು ಹುಣಸಿಬೀಜದಷ್ಟಿತ್ತು. ಹಿಂದಿನ ದಿನ, ಗುರುವಾರ ಸಂಜಿಕೆ, ಪ್ರಯೋಗಶಾಲ್ಯಾಗ ಬರೇ ತಂತಿ ಕಟ್ಟಿ ಪರೀಕ್ಷೆ ಮಾಡಿದ್ವಿ. ಆಗ ಅದರ ಬೆಳಕು ಎಷ್ಟು ಸಣ್ಣದಿತ್ತಂದ್ರ ಅಂಗೈ ಮರಿ ಮಾಡಿ ನೋಡಬೇಕಾತು."

"ಈ ಬಲ್ಬು ಏನ್ ಕೆಲಸ ಮಾಡತೈತಿ?"

"ಕ್ಲಿಪ್ ರಾಕೆಟ್ಟಿನ ಮದ್ದಿನ ತಂತಿಗೆ ಸರಿಯಾಗಿ ಕಚ್ಚೈತೋ ಇಲ್ಲೋ ತೋರಸ್ತೈತಿ ಅಷ್ಟ. ಕಚ್ಚಿತ್ತಂದ್ರ ಹತ್ತತೈತಿ."

ಅಮರಪ್ಪ ವೆಂಕೋಬನ ಕಡೆ ತಿರುಗಿದರು. "ಗುರುವಾರ ರಾತ್ರಿ ಸ್ಟ್ಯಾಂಡ್ ಎಲ್ಲಿತ್ತಪ್ಪಾ?"

"ಲ್ಯಾಬಿನಾಗ ಕೀಲಿ ಹಾಕಿ ಇಟ್ಟಿದ್ವಿರಿ."

"ಕೀಲಿ?"

"ಒಂದು ನನ್ನ ಉಡದಾರಕ್ಕ ಇರ್ತೈತ್ರಿ, ಸ್ನಾನಕ್ಕ ಹೋದ್ರೂ ಬಿಚ್ಚೂದಿಲ್ಲ. ಇನ್ನೊಂದು ಉಮಾಪತಿ ಸರ್ ಮನ್ಯಾಗಿರ್ತಿತ್ತು."

"ಮುಂಜಾನೆ ತಗದವರು?"

"ನಾನರಿ. ಎಂಟಕ್ಕ. ಕೀಲಿ ಬರಾಬರಿ ಇತ್ತು. ಸ್ಟ್ಯಾಂಡಿನ ಮ್ಯಾಲ ಸರ್ ಹೊಚ್ಚಿದ್ದ ಅರಿವಿ ಹೊಚ್ಚಿದಂಗ ಇತ್ತು. ಬಲ್ಬ್ ಗಿಲ್ಬ್ ನಾನು ನೋಡಾಕ ಹೋಗಿಲ್ರಿ."

ಅಮರಪ್ಪ ನೋಟ್‌ಬುಕ್ಕಿನಲ್ಲಿ ಎರಡು ಹೆಸರು ಬರೆದುಕೊಂಡರು. ತಲೆಕೆಳಗಾಗಿ ಕಂಡರೂ ಶೇಖರಮ್ಮ ಓದಬಲ್ಲವಳಾಗಿದ್ದಳು. ವೆಂಕೋಬ. ಅದರ ಕೆಳಗೆ, ವಿರೂಪಾಕ್ಷಮ್ಮ.

"ಈ ಸ್ಟ್ಯಾಂಡಿಗೆ ಈ ಉಪದ್ವ್ಯಾಪ ಎಲ್ಲಾ ಮಾಡಿದವರು ಯಾರು?"

"ಗಂಗಾವತ್ಯಾಗ ಬ್ಯಾಟರಿ ಚಾರ್ಜ್ ಮಾಡೋ ನಸೀಮಾಬಿ ಅಂತ ಅದಾರಂತ್ರಿ. ನಾ ಅವರನ್ನ ನೋಡಿಲ್ಲ. ಸರ್ ಒಬ್ಬರ ಒಯ್ದು ಮಾಡಿಸಿಕೊಂಡು ಬಂದ್ರು."

ಅಮರಪ್ಪ ಟೋಪಿ ಕೈಗೆತ್ತಿಕೊಂಡರು. "ನಡ್ರಿ."

*

ಪೊಲೀಸ್ ಜೀಪಿನಲ್ಲಿ ಮಗಳೊಬ್ಬಳನ್ನೇ ಕಳಿಸಲು ಶೇಖರಮ್ಮನ ಅವ್ವ ಮುದುಕವ್ವ ಒಪ್ಪಲಿಲ್ಲ. ಕುಷ್ಟಗಿಯ ಬಸ್ ನಿಲ್ದಾಣದ ಎದುರು ಜೀಪಿಗೆ ಅಡ್ಡ ನಿಂತು, "ನಾನೂ ಬರ್ತೀನಿ. ಇಲ್ಲಾಂದ್ರ ನನ್ನ ಮ್ಯಾಲೆ ಹಾಯಿಸಿಕೊಂಡು ಹೋಗ್ರಿ," ಎಂದಳು. ಅಮರಪ್ಪ ಹಿಂದಿನ ಸೀಟು ತೋರಿಸಿದರು.

ತಾವರಗೇರಾ ದಾಟುವವರೆಗೆ ಎರಡೂ ಕಡೆ ತೆನೆ ಬಿಡುವ ಹಂತದ ಜೋಳ, ನಡುನಡುವೆ ಕಲ್ಲುಭೂಮಿ. ಮುದುಕವ್ವ ಮಾತಾಡುತ್ತಲೇ ಇದ್ದಳು. ಅಮರಪ್ಪನವರ ಊರು, ಅವರ ಮಕ್ಕಳ ಸಂಖ್ಯೆ, ಹೆಂಡತಿಯ ತವರು ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ನನ್ನ ಮಗಳು ಇರಿವಿ ತುಳಿದ್ರ ಕಾಲು ಎತ್ತಿ ನೋಡಾಕಿ ಸಾಹೇಬ್ರ," ಎಂದಳು. "ಈಗ ನೋಡ್ರಿ. ಉಪ್ಪಿಲ್ದ ಸಾರು ಹಾಕಿದ್ರ ಹಂಗ ಉಣ್ತಾಳ. ಕೇಳಿದ್ರ, ಛಲೋ ಐತಿ ಅಂತಾಳ."

ಶೇಖರಮ್ಮ ಹೊರಗೆ ನೋಡುತ್ತಿದ್ದಳು. ಅವ್ವ ಯಾರದೋ ಮಗಳ ಬಗ್ಗೆ ಹೇಳುತ್ತಿದ್ದ ಹಾಗಿತ್ತು.

"ಸ್ಟ್ಯಾಂಡಿನ ಹಳೇ ಜೋಡಣಿಗೆ ಏನಾಗಿತ್ತು? ಅದನ್ನ ಯಾಕ ಬದಲಾಯಿಸಿದ್ರಿ?" ಅಮರಪ್ಪ ಮುಂದಿನ ಸೀಟಿನಿಂದ ಕೇಳಿದರು.

"ಕಸುವು ಸಾಲ್ತಿರಲಿಲ್ಲ."

ಅವಳು ಹೇಳಿದಳು. ಹಿಂದಿನ ವರ್ಷ ದೇಶ ತನ್ನದೇ ರಾಕೆಟ್ಟಿನಲ್ಲಿ ಉಪಗ್ರಹ ಹಾರಿಸಿದ ಮೇಲೆ ಶಾಲೆ ಶಾಲೆಗಳಲ್ಲೂ ರಾಕೆಟ್ಟಿನ ಹುಚ್ಚು ಹತ್ತಿತ್ತು. ಉಮಾಪತಿ ಬೆಂಗಳೂರಿನಿಂದ ಮದ್ದಿನ ಕೊಳವೆ ತರಿಸಿ, ಅಲ್ಯೂಮಿನಿಯಂ ಪೈಪಿಗೆ ಮರದ ಮೂತಿ ಕೂರಿಸಿ ಒಂದು ಮಾಡಿದರು. ಯಲಬುರ್ಗಾದ ಪ್ರದರ್ಶನಕ್ಕೆ ಒಯ್ದರು. ಆಗ ಟಾರ್ಚಿನ ಆರು ಶೆಲ್ಲು, ಮೂವತ್ತು ಅಡಿ ತೆಳು ವಾಯರು. ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಹತ್ತು ಸಲ ಒತ್ತಿದರು. ಹನ್ನೊಂದನೇ ಸಲಕ್ಕೆ ಒಂದೆಳೆ ಹೊಗೆ ಬಂದು ನಿಂತುಹೋಯಿತು. ಸಾವಿರ ಜನ ನಕ್ಕರು. ಯಾರೋ ಅಧ್ಯಕ್ಷರು ಮೈಕಿನಲ್ಲಿ, "ಮಾಸ್ತರ, ಕಡ್ಡಿಪೆಟ್ಟಿಗಿ ಬೇಕೇನ್ರಿ?" ಎಂದರು.

"ಬರುವಾಗ ಬಸ್ಸಿನಾಗ ಸರ್ ಒಂದು ಮಾತೂ ಆಡಲಿಲ್ಲ. ಕುಷ್ಟಗಿ ಬಂದಮ್ಯಾಲ, 'ಮುಂದಿನ ವರ್ಷ ಕಣ್ಣು ಮುಚ್ಚಿ ತೆರೆಯೂದ್ರಾಗ ಹಾರಬೇಕು' ಅಂದ್ರು."

ಕನಕಗಿರಿ ಹಿಂದೆ ಬಿತ್ತು. ಹೇಮಗುಡ್ಡದ ಕಡೆಯ ಬೆಟ್ಟಗಳು ಸರಿದ ಮೇಲೆ ನೆಲದ ಬಣ್ಣ ಬದಲಾಯಿತು. ಕಾಲುವೆಯ ನೀರು, ಕೊಯ್ಲಿಗೆ ಬಂದ ಭತ್ತ, ರಸ್ತೆಗೇ ಹರವಿದ ಹುಲ್ಲು, ಟ್ರ್ಯಾಕ್ಟರುಗಳ ಸಾಲು.

*

ನಸೀಮಾಬಿಯ ಅಂಗಡಿ ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ದಾರಿಯ ಮೇಲಿತ್ತು. ತಗಡಿನ ಮಾಡು, ಒಳಗೆ ನೆಲದುದ್ದಕ್ಕೂ ಬ್ಯಾಟರಿಗಳು, ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಒಡೆಯರ ಹೆಸರು. ಆಸಿಡ್ಡಿನ ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ಮುದುಕವ್ವ ಎರಡು ಸಲ ಕೆಮ್ಮಿ, "ನಾ ಜೀಪಿನಾಗ ಕುಂದರ್ತೀನಿ," ಎಂದು ಹೊರಗೇ ಉಳಿದಳು.

ನಸೀಮಾಬಿಗೆ ಐವತ್ತು ದಾಟಿತ್ತು. ಲಾರಿಗಳ ವಾಯರಿಂಗ್ ಮಾಡುತ್ತಿದ್ದ ಗಂಡ ಸತ್ತ ಮೇಲೆ ಹದಿನಾಲ್ಕು ವರ್ಷದಿಂದ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ. ಅದರ ತುಂಬ ಆಸಿಡ್ಡು ತಿಂದ ತೂತು. ಪೊಲೀಸರನ್ನು ಕಂಡು ಅವಳು ಕೈಯ ರಬ್ಬರು ಗವಸು ಬಿಚ್ಚಿದಳೇ ಹೊರತು ಎದ್ದು ನಿಲ್ಲಲಿಲ್ಲ.

"ಕುಷ್ಟಗಿ ಠಾಣೆಯಿಂದ ಬಂದೀವಿ," ಎಂದರು ಅಮರಪ್ಪ. "ಇವರು ಸಾಲಿಯವರು. ಉಮಾಪತಿ ಮಾಸ್ತರರ ವಿಷಯ."

"ಕೇಳೀನ್ರಿ. ಪೇಪರಿನಾಗ ಬಂದಿತ್ತಂತ. ಭಾಳ ಶರೀಫ್ ಮನಷ್ಯಾ." ಅವಳು ಎರಡು ಸ್ಟೂಲು ಎಳೆದು ಹಾಕಿ, ಎದುರಿನ ಹೋಟೆಲಿಗೆ ಚಹಾ ಕೂಗಿದಳು. "ನೀವು ಬರ್ತೀರಂತ ಗೊತ್ತಿತ್ತು. ಒಂಬತ್ತು ದಿನ ತಡ ಆತು."

"ಯಾಕ ಹಂಗಂತೀರಿ?"

"ಕಸುವು ಹೆಚ್ಚು ಮಾಡಿಕೊಟ್ಟಾಕಿ ನಾನ. ಏನರ ಆದ್ರ ಮೊದಲು ನನ್ನ ಕೇಳಬೇಕಲ್ಲ?"

ಅಮರಪ್ಪ ಚೀಲ ಬಿಚ್ಚಿ ಸ್ಟ್ಯಾಂಡನ್ನು ಅವಳ ಮುಂದೆ ನಿಲ್ಲಿಸಿದರು. "ಏನ್ ಮಾಡಿದ್ರಿ ಹೇಳ್ರಿ. ನನಗ ತಿಳಿಯೂ ಹಂಗ."

"ಸೀದಾ ಮಾತು ಸಾಹೇಬ್ರ. ಕಾಲವ್ಯಾಗ ನೀರು ಬಿಟ್ಟಂಗ. ಕಾಲವಿ ಉದ್ದ ಆದಂಗ ಕೊನೀ ಹೊಲಕ್ಕ ನೀರು ಮುಟ್ಟೂದಿಲ್ಲ. ತೆಳು ವಾಯರಿನಾಗ ಕರೆಂಟೂ ಹಂಗ, ದಾರ್ಯಾಗ ಸೋರಿ ಹೋಗ್ತೈತಿ. ಅದಕ್ಕ ಕೆರೀನ ಹೊಲದ ಬಾಜೂಕ ತಂದಿಟ್ಟೆ. ಲಾರಿ ಬ್ಯಾಟರಿ ಸ್ಟ್ಯಾಂಡಿನ ಬುಡಕ್ಕ. ದಪ್ಪ ವಾಯರು ಬರೇ ಎರಡು ಫೂಟು. ನಡುವ ಈ ರಿಲೇ, ಲಾರಿ ಹಾರ್ನಿಂದು. ದೂರದಿಂದ ಮಾಸ್ತರ ಗುಂಡಿ ಒತ್ತಿದ್ರ ಈ ರಿಲೇ ಬಾಗಲಾ ತಗೀತೈತಿ, ಪೂರಾ ತಾಕತ್ತು ತಂತಿಗೆ ಹೋಗ್ತೈತಿ. ತಂತಿ ಕೆಂಪಾಗೂದು, ಮದ್ದು ಹೊತ್ತೂದು ಒಂದ ಸಲ."

"ಈ ಬಲ್ಬು?"

ನಸೀಮಾಬಿ ಮುಂದೆ ಬಾಗಿದಳು. ಬಲ್ಬನ್ನು ಮುಟ್ಟಲಿಲ್ಲ. ತಲೆ ವಾರೆ ಮಾಡಿ ಗಾಜಿನ ಬುಡದಲ್ಲಿ ಕೊರೆದ ಅಕ್ಷರ ಓದಿದಳು. ಆಮೇಲೆ ನೆಟ್ಟಗೆ ಕೂತಳು.

"ಇದು ನಾ ಹಾಕಿದ್ದಲ್ಲ."

"ಖಾತ್ರಿ?"

"ನಾ ಹಾಕಿದ್ದು ಐದು ವ್ಯಾಟಿಂದು, ಪಾರ್ಕಿಂಗ್ ಲೈಟಿಂದು. ಇದು ಇಪ್ಪತ್ತೊಂದು ವ್ಯಾಟು. ಲಾರಿ ಬಾಜೂಕ ಮಿಣಿಮಿಣಿ ಮಾಡ್ತಾವಲ್ಲ, ಆ ಇಂಡಿಕೇಟರಿಂದು. ಎರಡಕ್ಕೂ ಹೋಲ್ಡರ್ ಒಂದ. ಒಂದು ತಗದು ಇನ್ನೊಂದು ಹಾಕಾಕ ಉಗುರು ಸಾಕು, ಪಾನಾ, ಇಕ್ಕಳ ಏನೂ ಬ್ಯಾಡ."

"ದೊಡ್ಡದು ಹಾಕಿದ್ರ ಏನಾಗತೈತಿ?"

"ತೋರಸ್ತೀನಿ."

ಚಹಾ ಬಂತು. ಶೇಖರಮ್ಮ ಲೋಟ ಹಿಡಿದು ಕೂತಳು. ನಸೀಮಾಬಿ ಹಳೇ ಕರೆಂಟು ಒಲೆಯ ಸುರುಳಿಯಿಂದ ಕೂದಲಿನಷ್ಟು ತೆಳ್ಳಗಿನ ತಂತಿಯ ತುಂಡು ಕತ್ತರಿಸಿ, ಎರಡು ಬೆಂಕಿಕಡ್ಡಿಗಳ ತಲೆಗೆ ಸುತ್ತಿದಳು. ಅದನ್ನು ಒಂದು ಬ್ಯಾಟರಿಗೆ ಜೋಡಿಸಿ, ನಡುವೆ ಪುಟ್ಟ ಬಲ್ಬು ಇಟ್ಟಳು. ಬಲ್ಬು ಹತ್ತಿತು. ಕಡ್ಡಿ ಹಾಗೇ ಇತ್ತು.

"ಇದು ಸಣ್ಣ ತೂಬು. ಕರೆಂಟು ಹೋಗಾಕತ್ತೈತಿ, ಆದ್ರ ತಂತಿ ಕಾಯುವಷ್ಟಿಲ್ಲ. ಇಡೀ ದಿನ ಹಿಂಗ ಬಿಟ್ರೂ ಏನೂ ಆಗೂದಿಲ್ಲ. ಎಣಸ್ರಿ ಬೇಕಾದ್ರ."

ಅಮರಪ್ಪ ನಿಜವಾಗಿಯೂ ಮನಸ್ಸಿನಲ್ಲೇ ಎಣಿಸಿದರು. ತುಟಿ ಅಲ್ಲಾಡುತ್ತಿತ್ತು.

ನಸೀಮಾಬಿ ಪುಟ್ಟ ಬಲ್ಬು ತೆಗೆದಳು. ಗೂಡಿನಿಂದ ದೊಡ್ಡದೊಂದನ್ನು ತೆಗೆದು ಅದೇ ಜಾಗದಲ್ಲಿ ಕೂರಿಸಿದಳು. ವಾಯರಿನ ತುದಿಯನ್ನು ಬ್ಯಾಟರಿಗೆ ಇನ್ನೂ ಸರಿಯಾಗಿ ತಾಗಿಸಿರಲಿಲ್ಲ, ಎರಡೂ ಕಡ್ಡಿ ಭುಗ್ಗನೆ ಹೊತ್ತಿಕೊಂಡವು.

"ಗುಂಡಿ ಒತ್ತಿದವರು ಯಾರು?" ಎಂದಳು, ಕಡ್ಡಿ ಊದಿ ಆರಿಸುತ್ತ. "ಕೀಲಿ ಎಲ್ಲೈತಿ? ಯಾವುದೂ ಬೇಕಾಗಲಿಲ್ಲ. ಕ್ಲಿಪ್ ತಂತಿಗೆ ಕಚ್ಚಿದ್ರ ಸಾಕು. ಬಲ್ಬ್ ತಣ್ಣಗಿದ್ದಾಗಂತೂ ಅದು ಇನ್ನೂ ಹೆಚ್ಚು ಎಳಕೋತೈತಿ."

ಹೊಗೆಯ ಒಂದೆಳೆ ಮಾಡಿನ ಕಡೆ ಹೋಯಿತು. ಗಂಧಕದ ವಾಸನೆ ಶೇಖರಮ್ಮನ ಮೂಗಿಗೆ ಬಂತು. ಒಂಬತ್ತು ದಿನದಿಂದ ಅವಳು ತನ್ನ ಬಲಗೈ ಹೆಬ್ಬೆರಳನ್ನು ನೋಡಿಕೊಂಡೇ ಎದ್ದಿದ್ದಳು, ನೋಡಿಕೊಂಡೇ ಮಲಗಿದ್ದಳು. ನೆನಪಿಲ್ಲದ ಒಂದು ಗಳಿಗೆಯಲ್ಲಿ ಅದು ಒತ್ತಿರಬಹುದು ಎಂದು ತನಗೇ ಅನ್ನಿಸುತ್ತಿತ್ತು. ಈಗ ಗೊತ್ತಾಯಿತು, ಅದು ಒತ್ತಿರಲಿಲ್ಲ. ಎದೆ ಹಗುರಾಗಬೇಕಿತ್ತು. ಆಗಲೆಂದು ಕಾದಳು. ಆಗಲಿಲ್ಲ.

"ಬಾಯಾರ, ಲೋಟ ಬಿಡ್ರಿ. ಕೈ ಸುಡಾಕತ್ತೈತಿ," ಎಂದಳು ನಸೀಮಾಬಿ.

ಶೇಖರಮ್ಮ ಲೋಟ ಕೆಳಗಿಟ್ಟು ಅಂಗೈ ನೋಡಿಕೊಂಡಳು. ಕೆಂಪಗೆ ಉಬ್ಬಿತ್ತು. ನಸೀಮಾಬಿ ಎದ್ದು, ಗಡಿಗೆಯ ತಣ್ಣೀರಿನಲ್ಲಿ ಅರಿವೆ ಅದ್ದಿ ತಂದು, ಏನೂ ಕೇಳದೆ ಅವಳ ಅಂಗೈಗೆ ಸುತ್ತಿದಳು.

ಅಮರಪ್ಪ ಆ ಹಾಳೆಯನ್ನು ಮತ್ತೆ ತೆಗೆದು ನೋಡುತ್ತಿದ್ದರು. ಕ್ಲಿಪ್ ಜೋಡಣೆಯ ಮುಂದೆ ಬರೆದ ಹೆಸರಿನ ಮೇಲೆ ಅವರ ಬೆರಳಿತ್ತು.

"ಬಲ್ಬ್ ಬದಲಾಯಿಸಿದವರು ಗುರುವಾರ ಸಂಜಿಕೂ ಶುಕ್ರವಾರ ಮುಂಜಾನಿಗೂ ನಡುವ ಬದಲಾಯಿಸ್ಯಾರ," ಎಂದರು ನಿಧಾನಕ್ಕೆ. "ಅಷ್ಟೊತ್ತಿಗೆ ಈ ಹಾಳಿ ಗ್ವಾಡಿ ಮ್ಯಾಲಿತ್ತು. ಎಲ್ಲಾರೂ ಓದಿದ್ರು. ಗಾಳಿ ಬೀಸತೈತಿ, ಕೆಲಸ ಅದಲು ಬದಲಾಗತೈತಿ ಅಂತ ಯಾರಿಗೂ ಗೊತ್ತಿರಲಿಲ್ಲ." ಅವರು ಶೇಖರಮ್ಮನ ಮುಖ ನೋಡಿದರು. "ಸಾಯಬೇಕಾಗಿದ್ದವರು ಮಾಸ್ತರರಲ್ಲ."

ಶೇಖರಮ್ಮ ತಲೆಯಾಡಿಸಿದಳು. ತನ್ನನ್ನು ಯಾರೋ ಕೊಲ್ಲಲು ಹೊರಟಿದ್ದರು. ಆ ವಾಕ್ಯವನ್ನು ಮನಸ್ಸಿನಲ್ಲಿ ಕರಿಹಲಗೆಯ ಮೇಲೆ ಬರೆದಂತೆ ಬರೆದಳು. ಓದಿದಳು. ಅಕ್ಷರಗಳು ಸರಿಯಾಗಿದ್ದವು.

"ನಸೀಮಾಬಿ, ಈ ದೊಡ್ಡ ಬಲ್ಬಿನ ಹಕೀಕತ್ತು ಯಾರಿಗೆ ಹೇಳಿದ್ರಿ?"

"ಮಾಸ್ತರರಿಗೆ ಹೇಳೀನಿ. ಈಗ ನಿಮಗ ತೋರಿಸಿದಂಗ ಕಡ್ಡಿ ಹೊತ್ತಿಸಿ ತೋರಿಸೀನಿ. ಬಲ್ಬ್ ಸುಟ್ಟು ಹೋದ್ರ ಇಂಥಾದ್ದು ಹಾಕಬ್ಯಾಡ್ರಿ, ಖಬರ್ದಾರ್ ಅಂದೀನಿ. ಅದು ನನ್ನ ಕರ್ತವ್ಯ."

"ಅವರೊಬ್ಬರಿಗೇ?"

"ಮತ್ತ ಅವರ ಜೋಡಿ ಬಂದಿದ್ದ ಬಾಯಾರಿಗೆ."

ಅಮರಪ್ಪನವರ ಪೆನ್ನು ನಿಂತಿತು. "ಜೋಡಿ ಯಾರೋ ಬಂದಿದ್ರಾ?"

"ಸ್ಟ್ಯಾಂಡ್ ಒಯ್ಯಾಕ ಬಂದ ದಿನ ಇಬ್ರೂ ಬಂದಿದ್ರು. ಮಂಗಳವಾರ. ಮಾಸ್ತರರು ಟಾಂಗಾ ತರ್ತೀನಂತ ಹೊರಗ ಹೋದ್ರು. ಆಗ ಆ ಬಾಯಾರು, 'ಆ ದೊಡ್ಡದೊಂದು ಕೊಡ್ರಿ' ಅಂದ್ರು. ಯಾಕಂದೆ. 'ಸಾಲ್ಯಾಗ ಹುಡುಗೂರಿಗೆ ವ್ಯತ್ಯಾಸ ತೋರಿಸಾಕ ಬೇಕು' ಅಂದ್ರು. ಕಾಗದದಾಗ ಸುತ್ತಿ ಕೊಟ್ಟೆ."

"ಯಾವ ಬಾಯಾರು?"

"ನಿಮ್ಮ ಸಾಲಿ ಸೈನ್ಸ್ ಬಾಯಾರು. ಶೇಖರಮ್ಮ."

ಅಂಗಡಿಯ ಮುಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಚಾಲಕ ಬ್ಯಾಟರಿ ಕೇಳಿದ. ನಸೀಮಾಬಿ ಎದ್ದು ಅವನ ಕಡೆ ಹೋದಳು.

ಅಮರಪ್ಪ ನೋಟ್‌ಬುಕ್ಕು ಮುಚ್ಚಲಿಲ್ಲ. ಶೇಖರಮ್ಮನ ಕಡೆ ಪೂರ್ತಿ ತಿರುಗಿ, ದನಿ ತಗ್ಗಿಸಿ ಕೇಳಿದರು.

"ಮಂಗಳವಾರ ನೀವು ಸಾಲಿಗೆ ಹೋಗಿಲ್ಲ. ಹಾಜರಿ ಪುಸ್ತಕ ನೋಡೀನಿ."

"ಹುಲಿಗಿಗೆ ಹೋಗಿದ್ದೆರಿ. ಅವ್ವನ ಜೋಡಿ. ಹುಲಿಗೆಮ್ಮಗ ಉಡಿ ತುಂಬಾಕ."

"ಹುಲಿಗಿಯಿಂದ ಗಂಗಾವತಿ ಎಷ್ಟು ದೂರ?"

"ದೂರ ಇಲ್ರಿ."

"ನಸೀಮಾಬಿಯನ್ನ ನೋಡಿಲ್ಲಂತ ಠಾಣ್ಯಾಗ ಹೇಳಿದ್ರಿ."

"ನೋಡಿಲ್ರಿ."

"ಬಲ್ಬ್ ಬ್ಯಾರೆ ಐತಿ ಅಂತ ಮೊದಲು ಹೇಳಿದವರೂ ನೀವ. ಕ್ಲಿಪ್ ಹಾಕೂ ಕೆಲಸ ಅವರ ಕೈಗೆ ಬಂದದ್ದನ್ನ ಕಂಡವರೂ ನೀವೊಬ್ರ." ಅಮರಪ್ಪ ಹಾಳೆ ಮಡಚಿದರು. "ಗಾಳಿ ಬೀಸಿತ್ತು ಅಂತ ಹೇಳಿದವರೂ ನೀವ."

ಶೇಖರಮ್ಮ ಮಂಗಳವಾರವನ್ನು ನೆನಪಿಸಿಕೊಳ್ಳಲು ನೋಡಿದಳು. ಹೊಳೆಯ ದಂಡೆ, ಅವ್ವನ ಕೈಯಲ್ಲಿ ಹಸಿರು ಬಳೆಯ ಪೊಟ್ಟಣ, ಕಾಲಿಗೆ ಸುಡುತ್ತಿದ್ದ ಕಲ್ಲು. ಅದೆಲ್ಲ ಯಾರೋ ಹೇಳಿ ಕೇಳಿಸಿಕೊಂಡದ್ದರ ಹಾಗಿತ್ತು. ಒಂದು ಗಳಿಗೆ, ಒಂದೇ ಗಳಿಗೆ, ತಾನು ಇಲ್ಲಿಗೆ ಬಂದಿದ್ದೆನೇನೋ, ಈ ಸ್ಟೂಲಿನ ಮೇಲೆ ಕೂತಿದ್ದೆನೇನೋ, ಕಾಗದದ ಪೊಟ್ಟಣ ತೆಗೆದುಕೊಂಡು ಹೋಗಿದ್ದೆನೇನೋ ಎಂದು ಅವಳಿಗೇ ಅನ್ನಿಸಿತು.

ನಸೀಮಾಬಿ ಟ್ರ್ಯಾಕ್ಟರಿನವನನ್ನು ಕಳಿಸಿ ಮರಳಿ ಬಂದು ಕೂತಳು. ಅರಿವೆ ಸುತ್ತಿದ ಕೈಯನ್ನು ನೋಡಿದಳು.

"ಉರಿ ಕಡಿಮಿ ಆತೇನ್ರಿ?" ಎಂದು ಕೇಳಿ, ಅಮರಪ್ಪನವರ ಕಡೆ ತಿರುಗಿದಳು. "ಆವಾಗಿಂದ ಕೇಳಬೇಕಂತಿದ್ದೆ ಸಾಹೇಬ್ರ. ಈ ಬಾಯಾರು ಯಾರು? ಸಾಲಿಯವರು ಅಂದ್ರಿ, ಹೆಸರು ಹೇಳಲಿಲ್ಲ."

ಅಮರಪ್ಪ ಪೆನ್ನು ಜೇಬಿಗೆ ಸಿಕ್ಕಿಸಿದರು.

"ಇವರನ್ನ ನೀವು ಮೊದಲು ನೋಡಿಲ್ಲ?"

"ಎಲ್ಲಿ ನೋಡ್ಲಿ? ಇವತ್ತ ನೋಡಾಕತ್ತೀನಿ."

"ಸರಿಯಾಗಿ ನೋಡಿ ಹೇಳ್ರಿ."

ನಸೀಮಾಬಿ ನೋಡಿದಳು. "ಇಲ್ಲ."

"ನಾನು ಶೇಖರಮ್ಮ," ಎಂದಳು ಶೇಖರಮ್ಮ.

ನಸೀಮಾಬಿ ಇಬ್ಬರ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. ತನ್ನ ಜೊತೆ ಚೇಷ್ಟೆ ಮಾಡುತ್ತಿದ್ದಾರೋ ಎಂದು ಅನುಮಾನ ಬಂದ ಹಾಗಿತ್ತು.

"ಆಕಿ ತನ್ನ ಹೆಸರು ತಾನ ಹೇಳಿದ್ಲೇನು?" ಅಮರಪ್ಪ ಕೇಳಿದರು.

"ಆಕಿ ಹೇಳಲಿಲ್ರಿ. ಮಾಸ್ತರರು ಕರದ್ರು. ಟಾಂಗಾ ತಂದು ಹೊರಗ ನಿಂತು, 'ಶೇಖರಮ್ಮ, ಬಸ್ಸಿಗೆ ಹೊತ್ತಾತು, ಬರ್ರಿ' ಅಂತ ಅವರ ಬಾಯ್ಲೆ ಕರದ್ರು. ನಾ ಈ ಕಿವೀಲೆ ಕೇಳೀನಿ."

ಶೇಖರಮ್ಮನ ಅಂಗೈಯಲ್ಲಿ ಏನೋ ಚುರ್ ಎಂದಿತು. ಸುಟ್ಟ ಜಾಗ. ಒಂಬತ್ತು ದಿನದಲ್ಲಿ ಮೊದಲ ಸಲ ಅವಳಿಗೆ ಏನೋ ನೋಯುತ್ತಿತ್ತು. ಉಮಾಪತಿ ಸರ್ ಇನ್ನೊಬ್ಬಳನ್ನು ತನ್ನ ಹೆಸರಿನಿಂದ ಕರೆದಿದ್ದರು. ಗಾಳಿ ಭಾಳ ಐತಿ ಎಂದು ತನ್ನ ಕೈಯಿಂದ ಕ್ಲಿಪ್ಪು ತೆಗೆದುಕೊಂಡ ಅದೇ ಮನುಷ್ಯ.

"ನೋಡಾಕ ಹೆಂಗಿದ್ಲು?" ಅಮರಪ್ಪ ಎದ್ದು ನಿಂತಿದ್ದರು.

"ನಾ ಯಾಕ ಹೇಳ್ಲಿ, ನೀವ ನೋಡ್ರಿ," ಎಂದಳು ನಸೀಮಾಬಿ. ಗೋಡೆಯ ಹತ್ತಿರದ ಸಾಲಿನಲ್ಲಿದ್ದ ಒಂದು ಬ್ಯಾಟರಿಯ ಕಡೆ ಕೈ ಮಾಡಿದಳು. ಅದರ ಮೇಲೆ ಸೀಮೆಸುಣ್ಣದಲ್ಲಿ 'ಶೇಖರಮ್ಮ, ಕುಷ್ಟಗಿ' ಎಂದು ಬರೆದಿತ್ತು. "ನಿನ್ನೆ ಬಂದು ಚಾರ್ಜಿಗೆ ಹಾಕಿ ಹೋಗ್ಯಾಳ. ಇವತ್ತ ಮೂರಕ್ಕ ಬಂದು ಒಯ್ತೀನಂದಾಳ."

ಅಮರಪ್ಪ ಕೈಗಡಿಯಾರ ನೋಡಿದರು. ಮೂರಾಗುತ್ತ ಬಂದಿತ್ತು. ಆಮೇಲೆ ಅಂಗಡಿಯ ಬಾಗಿಲಿಗೆ ಸರಿಯಾಗಿ ಎದುರಿಗೇ ನಿಂತಿದ್ದ ತಮ್ಮ ಜೀಪನ್ನು ನೋಡಿದರು. ಅದನ್ನು ಅಲ್ಲಿಂದ ಸರಿಸಲೆಂದು ಅವರು ಎರಡು ಹೆಜ್ಜೆ ಇಟ್ಟಿದ್ದರಷ್ಟೆ.

ಹೊರಗೆ ಟಾಂಗಾದ ಗೆಜ್ಜೆಯ ಸದ್ದು ಬಂದು ನಿಂತಿತು. ಅದರ ಬೆನ್ನಿಗೇ ಜೀಪಿನೊಳಗಿಂದ ಮುದುಕವ್ವನ ದನಿ, ಬೇಕಾದವರು ಕಂಡಾಗಿನ ಸಲಿಗೆಯ ದನಿ, ಕೇಳಿಸಿತು.

"ಯಾಕವ್ವಾ ತಂಗಿ, ಇಷ್ಟು ದೂರ ನೀ ಹೆಂಗ ಬಂದಿ?"